ಡೆಕ್ಕಿನ ದೀಪ, ಭಂಡಾರಿಯ ಸಾರು: ಎರಡು ಅರ್ಥ್ ಫಾಲ್ಟ್ ಹುಡುಕಿದ ಕತೆ

ಬೋರ್ನಿಯೊ ದ್ವೀಪದ ದಕ್ಷಿಣಕ್ಕೆ ತಬೋನಿಯೊ ಅಂತ ಒಂದು ಲಂಗರು ತಾಣ ಇದೆ. ಅಲ್ಲಿ ಹಡಗು ಕಟ್ಟುವ ಧಕ್ಕೆ ಇಲ್ಲ, ಕ್ರೇನ್ ಕಟ್ಟೆ ಇಲ್ಲ. ಕಲ್ಲಿದ್ದಲು ತುಂಬಿದ ಬಾರ್ಜ್‌ಗಳು ಹಡಗಿನ ಪಕ್ಕಕ್ಕೆ ಬಂದು ನಿಲ್ಲುತ್ತವೆ, ಹಗಲು ರಾತ್ರಿ ಲೋಡಿಂಗ್ ನಡೆಯುತ್ತದೆ. ನಾನು ಈ ಹಡಗು ಹತ್ತಿದ್ದು ಅಲ್ಲೇ. ನಾಲ್ಕು ಕ್ರೇನ್, ಐದು ಹೋಲ್ಡ್ (ಸರಕು ತುಂಬುವ ಕೋಣೆ) ಇರುವ ಬಲ್ಕ್ ಕ್ಯಾರಿಯರ್, ಅಂದರೆ ಸಡಿಲ ಸರಕಿನ ಹಡಗು. ತುಂಬಿಸಿಕೊಂಡು ಹೋಗಬೇಕಾದದ್ದು ಪಣಂಬೂರಿಗೆ, ಅಂದರೆ ನವಮಂಗಳೂರು ಬಂದರಿಗೆ. ಮನೆ ಹತ್ತಿರವೇ ಆಯಿತಲ್ಲ ಅಂತ ಒಳಗೊಳಗೇ ಖುಷಿ.

ನಾನು ಇಟಿಓ, ಅಂದರೆ ಎಲೆಕ್ಟ್ರೋ-ಟೆಕ್ನಿಕಲ್ ಆಫೀಸರ್. ಹಡಗಿನ ಕರೆಂಟಿಗೆ ಸಂಬಂಧಪಟ್ಟ ಕೆಲಸವೆಲ್ಲ ನನ್ನದು. ನಮ್ಮವರೇ ಜಾಸ್ತಿ ಇರುವ ಹಡಗಿನಲ್ಲಿ ನನ್ನ ಹುದ್ದೆಗೆ ‘ಬತ್ತಿ ಸಾಬ್’ ಅಂತ ಹೆಸರು. ದೀಪ ಹೋದರೆ ಕರೆಯುವುದು ನನ್ನನ್ನೇ ಅಲ್ವಾ, ಅದಕ್ಕೆ.

ಹತ್ತಿದ ಮಾರನೇ ದಿನ ಬೆಳಿಗ್ಗೆ 6ಕ್ಕೆ ಮೇನ್ ಸ್ವಿಚ್‌ಬೋರ್ಡ್ ಮುಂದೆ ನಿಂತೆ. ತಂತಿಯಿಂದ ಹಡಗಿನ ಮೈಗೆ ಕರೆಂಟ್ ಸೋರದಂತೆ ಎಷ್ಟು ತಡೆ ಇದೆ ಅಂತ ಇಲ್ಲಿನ ಇನ್ಸುಲೇಶನ್ ಮೀಟರ್ ತೋರಿಸುತ್ತದೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. 440 ವೋಲ್ಟಿನದ್ದು 4 ಮೆಗಾಓಮ್ ತೋರಿಸುತ್ತಿತ್ತು. ಚೆನ್ನಾಗಿದೆ. ಪಕ್ಕದ 220 ವೋಲ್ಟಿನ ಮೀಟರ್ ನೋಡಿದೆ, 0.03. ಅಂದರೆ 30 ಕಿಲೋಓಮ್. ಆದರೆ ಅಲಾರಂ ಇಲ್ಲ. ಅರ್ಥ್ ಲ್ಯಾಂಪ್ ಬಟನ್ ಒತ್ತಿದೆ. ಮೂರೂ ದೀಪ ಹೆಚ್ಚುಕಮ್ಮಿ ಒಂದೇ ಥರ ಉರಿದವು.

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ನಮ್ಮ ಮನೆಗಳಲ್ಲಿ ನ್ಯೂಟ್ರಲ್ ಅನ್ನು ಟ್ರಾನ್ಸ್‌ಫಾರ್ಮರ್ ಹತ್ತಿರವೇ ನೆಲಕ್ಕೆ ಕಟ್ಟಿರುತ್ತಾರೆ. ಹಾಗಾಗಿ ಒಂದು ಫೇಸ್ ತಂತಿ ನೆಲಕ್ಕೆ ತಾಗಿದರೆ ಕರೆಂಟ್ ಸುತ್ತು ಪೂರ್ತಿಯಾಗುತ್ತದೆ, ಫ್ಯೂಸ್ ಹೋಗುತ್ತದೆ ಅಥವಾ ಬ್ರೇಕರ್ ಬೀಳುತ್ತದೆ. ನಮ್ಮಂಥ ಹಡಗುಗಳ 440 ಮತ್ತು 220 ವೋಲ್ಟಿನಲ್ಲಿ ಹಾಗೆ ಕಟ್ಟುವುದಿಲ್ಲ. ಮೂರು ತಂತಿ, ಮೂರೂ ಹಡಗಿನ ಮೈಗೆ ತಾಗದ ಹಾಗೆ. ಒಂದು ತಂತಿ ಕಬ್ಬಿಣಕ್ಕೆ ತಾಗಿದರೂ (ಅರ್ಥ್ ಆಗುವುದು, ಅರ್ಥ್ ಫಾಲ್ಟ್ ಅನ್ನುವುದು ಇದಕ್ಕೇ) ಏನೂ ನಿಲ್ಲುವುದಿಲ್ಲ. ಬೇಕಂತಲೇ ಹೀಗೆ ಮಾಡಿದ್ದು. ಚಂಡಮಾರುತದ ಮಧ್ಯೆ ಸ್ಟೀರಿಂಗ್ ಮೋಟರಿಗೆ ಒಂದು ಅರ್ಥ್ ಆಯಿತು ಅಂತ ಅದು ನಿಂತುಬಿಟ್ಟರೆ ಗತಿ ಏನು?

ಆದರೆ ಈ ಸೌಕರ್ಯ ಒಂದು ಸಲಕ್ಕೆ ಮಾತ್ರ. ಮೊದಲನೇ ಅರ್ಥ್ ಹಾಗೇ ಇರುವಾಗ ಬೇರೆ ಫೇಸಿನಲ್ಲಿ ಎರಡನೇ ಅರ್ಥ್ ಆದರೆ ಹಡಗಿನ ಮೈಯೇ ತಂತಿಯಾಗಿ ಎರಡು ಫೇಸ್ ಸೇರಿಕೊಳ್ಳುತ್ತವೆ. ಆಗ ಎಲ್ಲೋ ಅಡುಗೆಮನೆಯ ಬ್ರೇಕರ್ ಬೀಳಬಹುದು, ಇಲ್ಲವೇ ಬೇಕಾದದ್ದೇ ಬೀಳಬಹುದು. ಕಂಟ್ರೋಲ್ ವೈರಿಂಗಿನಲ್ಲಾದರೆ ಇನ್ನೂ ಕೆಟ್ಟದ್ದು. ಸ್ಟಾಪ್ ಬಟನ್ನಿನ ಎರಡೂ ಬದಿ ಅರ್ಥ್ ಆದರೆ ಬಟನ್ ಒತ್ತಿದರೂ ಮೋಟರ್ ನಿಲ್ಲುವುದಿಲ್ಲ. ಅದಕ್ಕೇ ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ಅಧ್ಯಾಯ 2-1, ನಿಯಮ 45ರಲ್ಲಿ ಇಂಥ ವ್ಯವಸ್ಥೆಗೆ ಸದಾ ಕಾವಲಿರುವ ಮೀಟರ್ ಬೇಕು, ಇನ್ಸುಲೇಶನ್ ಇಳಿದರೆ ಅದು ಸದ್ದು ಮಾಡಿಯೋ ದೀಪ ತೋರಿಸಿಯೋ ಹೇಳಬೇಕು ಅಂತ ಇದೆ.

ನಮ್ಮ ಮೀಟರ್ ಯಾಕೆ ಬಾಯಿ ಬಿಡಲಿಲ್ಲ? ಮುಚ್ಚಳ ತೆಗೆದು ನೋಡಿದೆ. ಅಲಾರಂ ಮಿತಿಯನ್ನು ಯಾರೋ 10 ಕಿಲೋಓಮಿಗೆ ತಿರುಗಿಸಿಟ್ಟಿದ್ದರು. 30 ಇದ್ದರೆ ಅದರ ಲೆಕ್ಕದಲ್ಲಿ ಆರೋಗ್ಯ ಚೆನ್ನಾಗಿದೆ! ಹಿಂದಿನವರು ಬಿಟ್ಟುಹೋದ ಹ್ಯಾಂಡೋವರ್ ಚೀಟಿಯಲ್ಲಿ ಒಂದೇ ಸಾಲು: ‘220 ಇನ್ಸುಲೇಶನ್ ಆಗಾಗ ಕಮ್ಮಿ, ತೇವಾಂಶ, ಅರ್ಥ್ ಲ್ಯಾಂಪ್ ಸರಿಯಿದೆ.’

ಅರ್ಥ್ ಲ್ಯಾಂಪ್ ಸರಿಯೇ ಇರುತ್ತದೆ ಮಾರಾಯ್ರೆ. ಮೂರು ದೀಪಗಳ ಒಂದೊಂದು ತುದಿ ಒಂದೊಂದು ಫೇಸಿಗೆ, ಇನ್ನೊಂದು ತುದಿ ಒಟ್ಟಾಗಿ ಹಡಗಿನ ಮೈಗೆ. ಎಲ್ಲ ಸರಿಯಿದ್ದರೆ ಒಂದೊಂದಕ್ಕೂ 127 ವೋಲ್ಟ್. ಒಂದು ಫೇಸ್ ಪೂರ್ತಿ ಅರ್ಥ್ ಆದರೆ ಅದರ ದೀಪ ಆರಿಹೋಗಿ ಉಳಿದೆರಡಕ್ಕೆ 220 ಬರುತ್ತದೆ. ಆದರೆ ಆ ದೀಪದ್ದೇ ರೆಸಿಸ್ಟೆನ್ಸ್ ಮೂರು ಸಾವಿರ ಓಮ್ ಚಿಲ್ಲರೆ. ಅದರ ಪಕ್ಕ ಮೂವತ್ತು ಸಾವಿರ ಓಮಿನ ಸೋರಿಕೆ ಇದ್ದರೆ ಕಣ್ಣಿಗೆ ಎಲ್ಲಿ ಗೊತ್ತಾಗಬೇಕು? ದೀಪ ಹೇಳುವುದು ಸತ್ತ ಮೇಲೆ. ಜ್ವರ ಬಂದದ್ದು ತಿಳಿಯಬೇಕಾದರೆ ಮೀಟರೇ ಬೇಕು.

ಮಿತಿಯನ್ನು 100 ಕಿಲೋಓಮಿಗೆ ವಾಪಸ್ ತಂದೆ. ತಕ್ಷಣ ಅಲಾರಂ ಕೂಗಿತು. ಸೆಕೆಂಡ್ ಸಾಬ್ (ಸೆಕೆಂಡ್ ಇಂಜಿನಿಯರ್) ಕಂಟ್ರೋಲ್ ರೂಮಿನಿಂದ ತಲೆ ಹೊರಗೆ ಹಾಕಿ, “ಏನು ಬತ್ತಿ ಸಾಬ್, ಬಂದ ತಕ್ಷಣ ಶುರುವಾ?” ಅಂದರು.

ತಿಂಡಿ ತಿಂದು 9 ಗಂಟೆಗೆ ಹುಡುಕಲು ಶುರು ಮಾಡಿದೆ. ಇದರಲ್ಲಿ ಜಾಣತನಕ್ಕೆ ಜಾಸ್ತಿ ಕೆಲಸ ಇಲ್ಲ. 220ರ ಬ್ರೇಕರ್‌ಗಳನ್ನು ಒಂದೊಂದಾಗಿ ಆಫ್ ಮಾಡುವುದು, ಮೀಟರ್ ಏರುತ್ತದಾ ನೋಡುವುದು, ವಾಪಸ್ ಆನ್ ಮಾಡುವುದು. ಮೊದಲು ಬ್ರಿಡ್ಜಿಗೆ ಫೋನ್ ಮಾಡಿ ಹೇಳಬೇಕು. ರಾಡಾರ್, ಜೈರೊ, ರೇಡಿಯೊ ಇರುವ ಸಾಲನ್ನು ಕೊನೆಗೆ ಇಟ್ಟುಕೊಳ್ಳಬೇಕು, ಅವರು ಹೂಂ ಅಂದ ಮೇಲೆ ಮುಟ್ಟಬೇಕು. ಒಂದು ಬ್ರೇಕರ್ ತೆಗೆದಾಗ ಎರಡನೇ ನಿಮಿಷಕ್ಕೆ ನಾಲ್ಕು ಫೋನ್ ಬಂದವು. ನೋಡಿದರೆ ವೈಫೈ ಹೋಗಿತ್ತು. ಅಲಾರಂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರೂ ಕೇಳದವರು ವೈಫೈಗೆ ಎಷ್ಟು ಚುರುಕು!

ಅಷ್ಟೂ ಬ್ರೇಕರ್ ಮುಗಿಯಿತು, ಏನೂ ಸಿಗಲಿಲ್ಲ. ಆಮೇಲೆ ಗಮನಿಸಿದೆ, ನಾನು ಶುರು ಮಾಡುವ ಹೊತ್ತಿಗೇ ಮೀಟರ್ 1.1 ಮೆಗಾಓಮಿಗೆ ಏರಿ ಕೂತಿತ್ತು. ಇಲ್ಲದ ಕಳ್ಳನನ್ನು ಒಂದು ಗಂಟೆ ಹುಡುಕಿದ್ದೆ.

ಅಂದಹಾಗೆ 1.1 ಅಂದರೆ ಕಮ್ಮಿ ಅನ್ನಿಸಬಹುದು. ಈ ಮೀಟರ್ ತೋರಿಸುವುದು ಎಲ್ಲ ಸರ್ಕ್ಯೂಟ್‌ಗಳ ಒಟ್ಟು ಲೆಕ್ಕ. ನಲವತ್ತು ಸರ್ಕ್ಯೂಟ್, ಒಂದೊಂದೂ 40 ಮೆಗಾಓಮ್ ಇದ್ದರೂ ಎಲ್ಲ ಪ್ಯಾರಲಲ್ ಸೇರಿ 1 ಮೆಗಾಓಮ್ ಆಗುತ್ತದೆ. ಅದೇ ಕಾರಣಕ್ಕೆ ದೊಡ್ಡ ಸೋರಿಕೆ ಒಂದಿದ್ದರೆ ಅದರ ಹಿಂದೆ ಚಿಕ್ಕದು ಕಾಣುವುದೇ ಇಲ್ಲ.

ಆವತ್ತು ಬ್ರೇಕರ್ ಮುಟ್ಟುವುದನ್ನು ಬಿಟ್ಟು ಅಲಾರಂ ಪಟ್ಟಿ ತೆಗೆದುಕೊಂಡು ಕೂತೆ. ಎಲ್ಲಿ ಅಂತ ಆಮೇಲೆ ನೋಡೋಣ, ಯಾವಾಗ ಅಂತ ಮೊದಲು ತಿಳಿಯಲಿ. ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಹೀಗಿತ್ತು: ಮಧ್ಯಾಹ್ನ 11:20ಕ್ಕೆ ಬಂತು, 1:05ಕ್ಕೆ ಹೋಯಿತು. ಸಂಜೆ 5:10ಕ್ಕೆ ಬಂತು, ಬೆಳಗಾಗುವವರೆಗೂ ಹೋಗಲಿಲ್ಲ. ಬೆಳಿಗ್ಗೆ 8:10ಕ್ಕೆ ಹೋಯಿತು.

ಸಂಜೆಯಿಂದ ಬೆಳಗಿನವರೆಗೆ ಅಂದರೆ ದೀಪ. ಲೋಡಿಂಗ್ ನಡೆಯುತ್ತಿದೆ, ಡೆಕ್ಕಿನ ಫ್ಲಡ್‌ಲೈಟ್ ಎಲ್ಲ ರಾತ್ರಿಯಿಡೀ ಉರಿಯುತ್ತವೆ. ಸುಮ್ನೆ ಯೋಚಿಸಿದ್ದರೂ ಹೊಳೆಯಬೇಕಿತ್ತು. ಆದರೆ ಮಧ್ಯಾಹ್ನ 11:20? ಆಗ ಯಾವ ದೀಪ?

ಮೊದಲು ರಾತ್ರಿಯದ್ದು. 9 ಗಂಟೆಗೆ ಮೀಟರ್ 0.03ರಲ್ಲಿತ್ತು. ಒಬ್ಬ ಆಯಿಲರ್ ಕೈಯಲ್ಲಿ ವಾಕಿಟಾಕಿ ಕೊಟ್ಟು ಮೀಟರ್ ಮುಂದೆ ನಿಲ್ಲಿಸಿದೆ, ನಾನು ಬ್ರಿಡ್ಜಿನ ಹಿಂದಿರುವ ಡೆಕ್ ಲೈಟ್ ಪ್ಯಾನೆಲ್ ಹತ್ತಿರ ಹೋದೆ. ಎಂಟು ಬ್ರೇಕರ್. ಪಟಪಟ ಆಫ್-ಆನ್ ಮಾಡಿದೆ. “ಏನೂ ಇಲ್ಲ ಸಾಬ್, ಏನೂ ಇಲ್ಲ ಸಾಬ್.” ಎಂಟೂ ಮುಗಿಯಿತು. ತಲೆ ಕೆಟ್ಟಿತು. ಕೆಳಗೆ ಹೋಗಿ ನಾನೇ ಮೀಟರ್ ನೋಡಿದಾಗ ತಪ್ಪು ಗೊತ್ತಾಯಿತು. ಈ ಮೀಟರ್ ತನ್ನದೇ ಸಣ್ಣ ಡಿಸಿ ಸಿಗ್ನಲ್ ಕಳಿಸಿ ಅಳೆಯುತ್ತದೆ. ಹಡಗಿನ ಉದ್ದಕ್ಕೂ ಇರುವ ಕೇಬಲ್ಲೆಲ್ಲ ದೊಡ್ಡ ಕೆಪಾಸಿಟರ್ ಇದ್ದ ಹಾಗೆ, ಅದು ತುಂಬಿ ನಿಲ್ಲುವವರೆಗೆ ಓದು ಸ್ಥಿರವಾಗುವುದಿಲ್ಲ. ಇಲ್ಲಿ ಇಪ್ಪತ್ತು ಸೆಕೆಂಡ್ ಬೇಕಿತ್ತು. ನಾನು ಮೂರು ಸೆಕೆಂಡಿಗೆ ವಾಪಸ್ ಆನ್ ಮಾಡುತ್ತಿದ್ದೆ.

ಎರಡನೇ ಸುತ್ತಿನಲ್ಲಿ ಒಂದೊಂದಕ್ಕೂ ಅರ್ಧ ನಿಮಿಷ ಕಾದೆ. ಐದನೇ ಬ್ರೇಕರ್ ಆಫ್ ಮಾಡಿದಾಗ ವಾಕಿಟಾಕಿಯಲ್ಲಿ, “ಸಾಬ್, ಏರ್ತಾ ಇದೆ... 0.3... 0.7... 1.1, ನಿಂತಿತು.”

ಐದನೇ ಸರ್ಕ್ಯೂಟ್ ಅಂದರೆ ಎರಡನೇ ಕ್ರೇನಿನ ಕಂಬದ ಬಲಬದಿಯ ಫ್ಲಡ್‌ಲೈಟ್. ಆ ಕ್ರೇನ್ ಕೆಲಸದಲ್ಲಿತ್ತು. ಚೀಫ್ ಆಫೀಸರ್ ಕೈಮುಗಿದು, “ಈಗ ಕಂಬ ಹತ್ತುವ ಮಾತು ಬೇಡ” ಅಂದರು. ಸರಿ, ಬ್ರೇಕರ್ ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ಕಟ್ಟಿದೆ. ಫಾಲ್ಟ್ ಕಿತ್ತಿಟ್ಟರೆ ಮುಕ್ಕಾಲು ಕೆಲಸ ಆದ ಹಾಗೇ. ರಿಪೇರಿ ಆಮೇಲೆ.

ಮೂರು ದಿನದ ಮೇಲೆ ಲಂಗರು ಎತ್ತಿದೆವು. ಸಮುದ್ರದಲ್ಲಿ ಡೆಕ್ ಲೈಟ್ ಹಾಕುವುದಿಲ್ಲ, ಬ್ರಿಡ್ಜಿನಲ್ಲಿರುವವರಿಗೆ ಹೊರಗಿನ ಕತ್ತಲೆ ಕಾಣಬೇಕು. ರಾತ್ರಿಯ ಅಲಾರಂ ಬ್ರೇಕರಿಗೆ ಬೀಗ ಹಾಕಿದಾಗಲೇ ನಿಂತಿತ್ತು. ಉಳಿದದ್ದು ಮೂರೇ ಸಮಯ: ಬೆಳಿಗ್ಗೆ 6:50ರಿಂದ, ಮಧ್ಯಾಹ್ನ 11:20ರಿಂದ, ಸಂಜೆ 5:10ರಿಂದ. ಪ್ರತಿ ಸಲ ಮೀಟರ್ 0.06.

ನೀವು ಇಷ್ಟರಲ್ಲಿ ಕಂಡುಹಿಡಿದಿರುತ್ತೀರಿ. ನನಗೆ ಹೊಳೆದದ್ದು ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ.

ಮೆಸ್ಸಿನ ಕೌಂಟರಿನಲ್ಲಿ ಬೇನ್‌ಮರಿ ಅಂತ ಒಂದು ಸ್ಟೀಲ್ ತೊಟ್ಟಿ ಇರುತ್ತದೆ. ಕೆಳಗೆ ಬಿಸಿನೀರು, ಮೇಲೆ ಅನ್ನ, ಸಾರು, ಪಲ್ಯದ ಪಾತ್ರೆಗಳು. ನೀರಿನಲ್ಲಿ ಎರಡು ಹೀಟಿಂಗ್ ಎಲಿಮೆಂಟ್. ಊಟಕ್ಕೆ ಮುಂಚೆ ಸ್ವಿಚ್ ಹಾಕುತ್ತಾರೆ, ಊಟ ಮುಗಿದ ಮೇಲೆ ತೆಗೆಯುತ್ತಾರೆ. ಅದರ ಸ್ವಿಚ್ ಎರಡೂ ತಂತಿ ಕಡಿಯುವಂಥದ್ದು, ಹಾಗಾಗಿ ಆಫ್ ಇದ್ದಾಗ ಮೀಟರಿಗೆ ಅದರ ಸುಳಿವೇ ಇಲ್ಲ. ಒಂದೇ ತಂತಿ ಕಡಿಯುವ ಸ್ವಿಚ್ ಆಗಿದ್ದರೆ ಇನ್ನೊಂದು ಫೇಸ್ ಎಲಿಮೆಂಟಿನಲ್ಲಿ ಕೂತಿರುತ್ತಿತ್ತು, ಫಾಲ್ಟ್ ದಿನವಿಡೀ ಕಾಣಿಸುತ್ತಿತ್ತು.

ನಮ್ಮ ಭಂಡಾರಿ, ಅಂದರೆ ಚೀಫ್ ಕುಕ್, ಕುಂದಾಪುರದ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಬೇನ್‌ಮರಿಗೆ ಕೈ ಹಾಕುವುದಕ್ಕೂ ಧೈರ್ಯ ಬೇಕು.

“ಅಣ್ಣ, ಇದರ ಸ್ವಿಚ್ ಒಂದು ನಿಮಿಷ ತೆಗೀಲಾ?”

“ಎಂಥಕ್ಕೆ ಮಾರಾಯ್ರೆ? ಸಾರು ತಣ್ಣಗಾದರೆ ಬಡಾ ಸಾಬ್ ನನ್ನನ್ನು ಬಿಡ್ತಾರಾ? ನಿಮ್ಮ ಅಲಾರಮ್ಮಿಗೂ ನನ್ನ ಸಾರಿಗೂ ಎಂಥ ಸಂಬಂಧ?”

“ಒಂದೇ ನಿಮಿಷ.”

ಸ್ವಿಚ್ ತೆಗೆದೆ. ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. “ಅಲಾರಂ ಹೋಯಿತು” ಅಂದರು. ಹಾಕಿದೆ. “ಬಂತು.” ಭಂಡಾರಿಯವರು ಸೌಟು ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ, “ಶಾಕ್ ಹೊಡೀತಿತ್ತಾ ಹಾಗಾದರೆ?” ಅಂತ ಕೇಳಿದರು.

ಹೊಡೆಯುತ್ತಿರಲಿಲ್ಲ. ತೊಟ್ಟಿಯ ಮೈಯಿಂದ ಹಡಗಿನ ಕಬ್ಬಿಣಕ್ಕೆ ಕಟ್ಟಿದ ಅರ್ಥ್ ಪಟ್ಟಿ ಗಟ್ಟಿಯಾಗಿತ್ತು. ಅದು ತುಂಡಾಗಿದ್ದರೆ ಫಾಲ್ಟ್ ಮೊದಲು ಗೊತ್ತಾಗುತ್ತಿದ್ದದ್ದು ಮೀಟರಿಗಲ್ಲ, ಅವರ ಕೈಗೆ. ನ್ಯೂಟ್ರಲ್ ನೆಲಕ್ಕೆ ಕಟ್ಟಿಲ್ಲ, ಹಾಗಾಗಿ ಹಡಗಿನಲ್ಲಿ ಒಂದು ತಂತಿ ಮುಟ್ಟಿದರೆ ಏನೂ ಆಗುವುದಿಲ್ಲ ಅಂತ ಹೇಳುವವರಿದ್ದಾರೆ. ನಂಬಬೇಡಿ. ಕೇಬಲ್ಲಿನ ಕೆಪಾಸಿಟೆನ್ಸ್, ಮೊದಲೇ ಇರುವ ಫಾಲ್ಟ್, ಯಾವುದರಿಂದಲಾದರೂ ಕರೆಂಟ್ ವಾಪಸ್ ಹೋಗಲು ದಾರಿ ಸಿಗುತ್ತದೆ.

ಊಟ ಮುಗಿದ ಮೇಲೆ ಪ್ಯಾಂಟ್ರಿಯ ಬ್ರೇಕರ್ ಆಫ್ ಮಾಡಿ ಬೀಗ ಹಾಕಿದೆ. ಟೆಸ್ಟರಿನಿಂದ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಎರಡೂ ಎಲಿಮೆಂಟಿನ ತಂತಿ ಬಿಚ್ಚಿದೆ. 500 ವೋಲ್ಟಿನಲ್ಲಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಉಪಕರಣ) ಹಾಕಿದರೆ ಒಂದು 200 ಮೆಗಾಓಮಿಗಿಂತ ಮೇಲೆ, ಇನ್ನೊಂದು 0.06. ಕೆಟ್ಟದ್ದನ್ನು ಹೊರಗೆ ತೆಗೆದು ಬಿಳಿ ಪಾಚಿಯಂತೆ ಕಟ್ಟಿದ್ದ ಸುಣ್ಣವನ್ನು ಕೆರೆದೆ. ಬಾಗುವ ಜಾಗದಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕು. ಇಂಥ ಎಲಿಮೆಂಟಿನೊಳಗೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಒಣಗಿದ್ದರೆ ಅದರಷ್ಟು ಒಳ್ಳೆಯ ಇನ್ಸುಲೇಶನ್ ಇಲ್ಲ, ತೇವ ಕುಡಿದರೆ ಮುಗಿಯಿತು. ಬಿರುಕಿಲ್ಲದೆ ಬರೀ ತೇವ ಹಿಡಿದಿದ್ದರೆ ಓವನ್ನಿನಲ್ಲಿ ಒಣಗಿಸಿ ಬಳಸಬಹುದಿತ್ತು. ಇದು ಆಗದು. ಸ್ಟೋರಿನಲ್ಲಿ ಒಂದು ಸ್ಪೇರ್ ಸಿಕ್ಕಿತು, ಹಾಕಿದೆ. ಆವತ್ತು ಸಂಜೆ 5:10ಕ್ಕೆ ಅಲಾರಂ ಬರಲಿಲ್ಲ. ಭಂಡಾರಿಯವರು ರಾತ್ರಿ ನನ್ನ ತಟ್ಟೆಗೆ ಒಂದು ಮೀನಿನ ತುಂಡು ಜಾಸ್ತಿ ಹಾಕಿದರು, ಮಾತಾಡಲಿಲ್ಲ.

ಶ್ರೀಲಂಕಾದ ದಕ್ಷಿಣ ದಾಟುವಾಗ ಮುಂಗಾರಿನ ಅಲೆ ಸರಿಯಾಗಿ ಸಿಕ್ಕಿತು. ಎರಡು ದಿನ ಡೆಕ್ಕಿನ ಮೇಲೆ ನೀರು ಹರಿಯಿತು. ಹತ್ತು ದಿನಕ್ಕೆ ಪಣಂಬೂರು.

ಬಂದರಿನ ಒಳಗೆ ಅಲೆ ಇಲ್ಲ, ಆದರೆ ಮಳೆ. ನಮ್ಮ ಕರಾವಳಿಯ ಜೂನ್ ಮಳೆ ಅಂದರೆ ಗೊತ್ತಲ್ಲ. ಹಡಗಿನ ಕ್ರೇನಿನಿಂದಲೇ ಕಲ್ಲಿದ್ದಲು ಇಳಿಸಬೇಕು. ಎರಡನೇ ಹೋಲ್ಡ್ ಹತ್ತಿರ ಬಲಬದಿ ಕತ್ತಲೆ. ರಾತ್ರಿ ಪಾಳಿಯ ಫೋರ್‌ಮನ್ ಬಂದು, ಅಲ್ಲಿ ಬೆಳಕಿಲ್ಲದೆ ಆಳು ಇಳಿಸುವುದಿಲ್ಲ ಅಂದುಬಿಟ್ಟರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಕಂಬ ಹತ್ತುವ ಮುಂಚೆ, ಎಷ್ಟು ಹದಗೆಟ್ಟಿದೆ ನೋಡೋಣ ಅಂತ ಆ ಬ್ರೇಕರನ್ನು ಒಂದೇ ಸಲ ಆನ್ ಮಾಡಿಸಿದೆ. ಮೀಟರ್ 0.00. ಅರ್ಥ್ ಲ್ಯಾಂಪ್ ಬಟನ್ ಒತ್ತಿದರೆ ಒಂದು ದೀಪ ಪೂರ್ತಿ ಕಪ್ಪು, ಉಳಿದೆರಡು ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಹಾಗಾದರೆ ಅಲೆಯ ನೀರು ಒಳಗೆ ಕೂತಿದೆ. ಆಫ್ ಮಾಡಿ ಮತ್ತೆ ಬೀಗ.

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು. ಎರಡನೇ ಕ್ರೇನ್ ನಿಲ್ಲಿಸಿ ಅದರ ಬ್ರೇಕರಿಗೂ ಬೀಗ. ಎತ್ತರದ ಕೆಲಸದ ಪರ್ಮಿಟ್, ಬೆಲ್ಟ್, ಕೆಳಗೆ ಬೋಸನ್, ಅಂದರೆ ಡೆಕ್ ಆಳುಗಳ ಮುಖಂಡ. ಕಂಬದ ಏಣಿಯಲ್ಲಿ ಮೇಲೆ ಹೋಗಿ ಒಂದು ತುಂಡು ಟಾರ್ಪಾಲನ್ನು ಚಪ್ಪರದ ಹಾಗೆ ಕಟ್ಟಿಕೊಂಡೆ. ಫ್ಲಡ್‌ಲೈಟಿನ ಪಕ್ಕದ ಜಂಕ್ಷನ್ ಬಾಕ್ಸಿನ ನಾಲ್ಕು ಸ್ಕ್ರೂ ಬಿಚ್ಚುತ್ತಿದ್ದ ಹಾಗೆ ಒಂದು ಲೋಟದಷ್ಟು ನೀರು ನನ್ನ ತೋಳಿನೊಳಗೆ ಇಳಿಯಿತು. ಕಲ್ಲಿದ್ದಲು ಪುಡಿ ಬೆರೆತ ಕಪ್ಪು ನೀರು. ಟರ್ಮಿನಲ್ ಮೇಲೆ ಹಸಿರು ಕಿಲುಬು ಬೆಳೆದು ಬಾಕ್ಸಿನ ಗೋಡೆಗೆ ಸೇತುವೆ ಕಟ್ಟಿತ್ತು.

ನೀರು ಬಂದ ದಾರಿ ನೋಡಿ ಸಿಟ್ಟೇ ಬಂತು. ಮೊದಲು ಅಲ್ಲಿ ಹಳೆಯ ಸೋಡಿಯಂ ದೀಪ ಇತ್ತು, ದಪ್ಪ ಕೇಬಲ್. ಯಾವಾಗಲೋ ಅದನ್ನು ತೆಗೆದು ಎಲ್‌ಇಡಿ ಹಾಕಿದ್ದಾರೆ, ಅದರ ಕೇಬಲ್ ತೆಳ್ಳಗೆ. ಗ್ಲ್ಯಾಂಡ್ (ಕೇಬಲ್ ಬಾಕ್ಸಿನೊಳಗೆ ಹೋಗುವ ಜಾಗದಲ್ಲಿ ನೀರು ತಡೆಯುವ ಬಿಗಿ ಹಿಡಿ) ಮಾತ್ರ ಹಳೆಯದೇ. ಒಳಗಿನ ರಬ್ಬರ್ ರಿಂಗ್ ತೆಳ್ಳಗಿನ ಕೇಬಲನ್ನು ಹಿಡಿಯುವುದಿಲ್ಲವಲ್ಲ, ಅದಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ ದಪ್ಪ ಮಾಡಿ, ಮೇಲೆ ಸಿಲಿಕಾನ್ ಬಳಿದಿದ್ದಾರೆ. ಸಾಲದ್ದಕ್ಕೆ ಕೇಬಲ್ ಮೇಲಿನಿಂದ ನೇರ ಗ್ಲ್ಯಾಂಡಿಗೆ ಇಳಿಯುತ್ತದೆ. ಮಳೆಯ ಹನಿ ಕೇಬಲ್ ಹಿಡಿದುಕೊಂಡು ಸೀದಾ ಒಳಗೆ! ಡೆಕ್ಕಿನ ಬಾಕ್ಸಿಗೆ ಐಪಿ 56 ಅಂತ ಬರೆದಿರುತ್ತದೆ, ಜೋರಾದ ನೀರನ್ನೂ ತಡೆಯಬೇಕು ಅಂತ. ಟೇಪಿಗೆ ಅದು ಗೊತ್ತಿಲ್ಲ.

ಕೇಬಲನ್ನು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿದೆ. ಒಂದು ಗೇಣಿಗಿಂತ ಜಾಸ್ತಿ ಹೋಯಿತು, ಕಪ್ಪು ಅಷ್ಟು ಒಳಗೆ ಹೊಕ್ಕಿತ್ತು. ಪುಣ್ಯಕ್ಕೆ ಉದ್ದ ಸಾಕಿತ್ತು. ಹೊಸ ಬಾಕ್ಸ್, ಅಳತೆಗೆ ಸರಿಯಾದ ಹಿತ್ತಾಳೆ ಗ್ಲ್ಯಾಂಡ್, ಕ್ರಿಂಪ್ ಮಾಡಿದ ಲಗ್. ಕೇಬಲ್ ಈಗ ಬಾಕ್ಸಿನ ಕೆಳಗಿನಿಂದ ಒಳಗೆ ಬರುತ್ತದೆ, ಅದಕ್ಕೂ ಮುಂಚೆ ಒಂದು ಜೋಲು ಬಿಟ್ಟಿದ್ದೇನೆ, ಹನಿ ಅಲ್ಲೇ ಕೆಳಗೆ ಬೀಳಲಿ ಅಂತ.

ಮೆಗ್ಗರ್ ಹಾಕುವಾಗ ಎಲ್‌ಇಡಿ ಡ್ರೈವರನ್ನು ಬಿಚ್ಚಿಟ್ಟಿದ್ದೆ. ಅದರೊಳಗೆ ತಂತಿಯಿಂದ ಅರ್ಥಿಗೆ ಸರ್ಜ್ ತಡೆಯುವ ಬಿಡಿಭಾಗ ಇರುತ್ತದೆ. 500 ವೋಲ್ಟ್ ಡಿಸಿ ಕೊಟ್ಟರೆ ಅದು ಕರೆಂಟ್ ಬಿಡಬಹುದು, ಇಲ್ಲದ ಫಾಲ್ಟ್ ತೋರಿಸಬಹುದು. ಡ್ರೈವರೇ ಹಾಳಾದರೂ ಆಶ್ಚರ್ಯ ಇಲ್ಲ. ಬರೀ ಕೇಬಲ್ 150 ಮೆಗಾಓಮ್ ಬಂತು. ಡ್ರೈವರ್ ಜೋಡಿಸಿ ಮುಚ್ಚಳ ಹಾಕುವಷ್ಟರಲ್ಲಿ ಮಳೆ ಮತ್ತೆ ಹೊಯ್ಯತೊಡಗಿತು.

ಸಂಜೆ 6:30ಕ್ಕೆ ಬೀಗ ತೆಗೆದು ಬ್ರೇಕರ್ ಹಾಕಿದೆ. ಅರ್ಧ ನಿಮಿಷ ಕಾದೆ. ಮಳೆಯಲ್ಲೂ ಮೀಟರ್ 1.1ರಿಂದ ಕದಲಲಿಲ್ಲ. ಬೋಸನ್ ವಾಕಿಟಾಕಿಯಲ್ಲಿ, “ಲೈಟ್ ಬಂತು ಬತ್ತಿ ಸಾಬ್, ಫೋರ್‌ಮನ್ ಆಳು ಇಳಿಸಿದರು” ಅಂದರು.

ಅಲಾರಂ ಮಿತಿ 100 ಕಿಲೋಓಮಿಗೇ ಇದೆ, ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದೇನೆ. ನನ್ನ ಹ್ಯಾಂಡೋವರ್ ಚೀಟಿಗೂ ಎರಡೂ ಫಾಲ್ಟಿನ ಸಮಯ, ಮೀಟರ್ ಓದು, ಸಿಕ್ಕ ಜಾಗ ಎಲ್ಲ ಬರೆದಿಟ್ಟೆ. ಮಲಗುವ ಮುಂಚೆ ಇನ್ನೊಂದು ಸಲ ಸ್ವಿಚ್‌ಬೋರ್ಡ್ ಮುಂದೆ ಹಾದುಹೋದೆ. 220 ಚೆನ್ನಾಗಿದೆ. 440ರ ಮೀಟರ್ ನಾಲ್ಕರಿಂದ ಒಂದೂವರೆಗೆ ಇಳಿದು, ನಿಮಿಷದ ಮೇಲೆ ಮತ್ತೆ ನಾಲ್ಕಕ್ಕೆ ಹೋಯಿತು. ಹೊರಗೆ ಮೂರನೇ ಕ್ರೇನ್ ತಿರುಗುವ ಸದ್ದು. ನೋಟ್‌ಬುಕ್ ತೆಗೆದು ಬರೆದುಕೊಂಡೆ: ರಾತ್ರಿ 10:10.